ಮಾತು ನಿಂತ ಕಂಪ್ಯೂಟರ್

ಜೂನ್ ಹಿಡಿದು ವಾರವಾಗಿತ್ತು. ಹತ್ತು ಗಂಟೆಯ ಮೇಲೆ ಬಿಸಿಲಿನಲ್ಲಿ ಯಾರನ್ನೂ ದುಡಿಸಬಾರದೆಂಬ ನಿಯಮವಿದ್ದುದರಿಂದ ದೋಹಾದ ಇಂಡಸ್ಟ್ರಿಯಲ್ ಏರಿಯಾದ ಆ ಗೋದಾಮಿನ ಅಂಗಳದಲ್ಲಿ ಬೆಳಗಿನಿಂದಲೇ ಅವಸರ. ಲಾರಿಯಿಂದ ಪೈಪು ಇಳಿಸುವವರು "ಯಲ್ಲಾ, ಯಲ್ಲಾ" ಎಂದು ಒಬ್ಬರನ್ನೊಬ್ಬರು ದಬಾಯಿಸುತ್ತಿದ್ದರು. ಒಳಗೆ, ತಗಡಿನ ಗೋಡೆಗೆ ತಾಗಿದ ಆಫೀಸು ಕೋಣೆಯಲ್ಲಿ, ಪಾಸ್ಕಲ್ ಹೆಡ್‌ಫೋನನ್ನು ಕಿವಿಗೆ ಒತ್ತಿ ಹಿಡಿದು ಕೂತಿದ್ದ. ಅದರಲ್ಲಿ ಏನೂ ಕೇಳಿಸುತ್ತಿರಲಿಲ್ಲ.

ವಯರನ್ನು ಕಿತ್ತು ಮತ್ತೆ ಚುಚ್ಚಿದ. ಕಂಪ್ಯೂಟರನ್ನು ಆರಿಸಿ ಹಚ್ಚಿದ. ಅದರ ಫ್ಯಾನು ತಿರುಗಿತು, ಶುರುವಿನ ಠಣ್ ಎಂಬ ಸದ್ದೂ ಬಂತು. ಅದರ ಹಿಂದೆಯೇ, ಪರದೆಯ ಮೇಲಿನದನ್ನೆಲ್ಲ ಓದಿ ಹೇಳುವ ದನಿ ಬರಬೇಕಿತ್ತು. ಬರಲಿಲ್ಲ.

ಕೆಲವು ವರ್ಷಗಳಿಂದ ಪಾಸ್ಕಲನ ದೃಷ್ಟಿ ಅಂಚಿನಿಂದ ಒಳಕ್ಕೆ ಕಪ್ಪಾಗುತ್ತ ಬಂದು, ಈಗ ಕಿಟಕಿ ಯಾವ ಕಡೆಗಿದೆ ಎಂಬಷ್ಟೇ ತಿಳಿಯುತ್ತಿತ್ತು. ಬಿನ್ ಮಹಮೂದ್ ಬಡಾವಣೆಯ ಮನೆಯಿಂದ, ಜೊತೆಗೆ ಕೆಲಸ ಮಾಡುವ ಫ್ಲಾಯ್ಡನ ಕಾರಿನಲ್ಲಿ ಬರುತ್ತಿದ್ದ. ಹರಟೆ ಹೊಡೆಯುವವನಂತೆ ಅವನ ಹೆಗಲ ಮೇಲೆ ಕೈಯಿಟ್ಟು ಒಳಗೆ ನಡೆಯುತ್ತಿದ್ದ. ಕಂಪೆನಿಯವರಿಗೆ 'ಕಣ್ಣು ಸ್ವಲ್ಪ ವೀಕು' ಎಂದಷ್ಟೇ ಗೊತ್ತು. ಸಾಫ್ಟ್‌ವೇರ್ ಲೈಸೆನ್ಸಿನ ಖರ್ಚು ಉಳಿಯುತ್ತದೆಂದು ಧಣಿಗೆ ಹೇಳಿ ಕಂಪ್ಯೂಟರಿಗೆ ಲಿನಕ್ಸ್ ಹಾಕಿಸಿದವನು ಪಾಸ್ಕಲನೇ. ಅದರ ಜೊತೆಗೆ ಓದುವ ದನಿ ಪುಕ್ಕಟೆ ಸಿಗುತ್ತದೆಂಬುದನ್ನು ಮಾತ್ರ ಹೇಳಿರಲಿಲ್ಲ.

"ಫ್ಲಾಯ್ಡ್, ನಿನ್ನೆ ಇದಕ್ಕೆ ಎಂತ ಮಾಡಿದ್ದು ನೀನು?"

"ಎಂತ ಇಲ್ಲ ಬಾಬ್," ಎಂದ ಎದುರು ಮೇಜಿನ ಫ್ಲಾಯ್ಡ್. ವಯಸ್ಸಿನಲ್ಲಿ ಚಿಕ್ಕವನಾದ್ದರಿಂದ ಕೊಂಕಣಿಯ ಆ 'ಬಾಬ್' ಅನ್ನು ಅವನು ಎಂದೂ ಬಿಟ್ಟಿರಲಿಲ್ಲ. "ಅಪ್‌ಡೇಟ್ ಉಂಟು, ಅಪ್‌ಡೇಟ್ ಉಂಟು ಅಂತ ಪಿರಿಪಿರಿ ಮಾಡ್ತಿತ್ತಲ್ಲ? ನೀವು ಚಾಯಕ್ಕೆ ಹೋದಾಗ ಹಾಕಿಬಿಟ್ಟೆ."

"ಹಾಕುವ ಮೊದಲು ಅದು ಎಂತದೋ ಕೇಳಿರಬೇಕಲ್ಲ?"

"ಇಷ್ಟುದ್ದ ಬಂತು. ಕೊನೆಗೆ ವೈ ಒತ್ತು ಅಂತ ಇತ್ತು. ಒತ್ತಿದೆ."

"ಓದದೆ?"

"ಅಷ್ಟೆಲ್ಲ ಯಾರು ಓದ್ತಾರೆ ಮಾರಾಯ್ರೆ! ವೀಸಾದ ಅರಬ್ಬಿ ಕಾಗದಕ್ಕೆ ನಾವೆಲ್ಲ ಓದಿಯಾ ಸಹಿ ಹಾಕಿದ್ದು?"

ಫ್ಲಾಯ್ಡ್ ಎದ್ದುಬಂದು, ಪಾಸ್ಕಲನ ಹೆಗಲ ಮೇಲಿಂದ ಬಾಗಿ, ನಿನ್ನೆ ಏನೇನಾಯಿತೆಂದು ಹುಡುಕತೊಡಗಿದ. ಕೀಲಿಗಳ ಸದ್ದು ಸ್ವಲ್ಪ ಹೊತ್ತು ನಡೆದು ನಿಂತಿತು.

"ಹೊಸತು ಹಾಕಿದ್ದು ಬೇರೆ, ತೆಗೆದದ್ದು ಬೇರೆ ಉಂಟು ಬಾಬ್. ತೆಗೆದದ್ದರಲ್ಲಿ... ಸ್ಕ್ರೀನ್ ರೀಡರ್ ಅಂದ್ರೆ ಅದೇನಾ?"

"ಅದೇ."

"ಯೇಸುವೇ! ಗದ್ದೆಯ ಕಳೆ ಕೀಳ್ಲಿಕ್ಕೆ ಹೋಗಿ ಭತ್ತದ ನೇಜಿ ಕಿತ್ತುಬಿಟ್ಟೆ ನಾನು."

ಮತ್ತೆ ಹಾಕಲು ಹೋದರೆ ಕಂಪ್ಯೂಟರ್ ಸುಲಭಕ್ಕೆ ಒಪ್ಪಲಿಲ್ಲ. ಇದು ಬೇಕಿದ್ದರೆ ಮೊದಲು ಅದು ಬೇಕು, ಅದು ಬೇಕಿದ್ದರೆ ಇನ್ನೊಂದು ಬೇಕು ಎಂದು ಹಟ ಹಿಡಿಯಿತು. ಕೊನೆಗೆ ಒಪ್ಪಿ ಇಳಿಸಿಕೊಳ್ಳತೊಡಗಿತಾದರೂ ಗೋದಾಮಿನ ಇಂಟರ್ನೆಟ್ಟು ಬೇಸಗೆಯ ಒರತೆಯಂತೆ ಜಿನುಗುತ್ತಿತ್ತು. ಅಷ್ಟರಲ್ಲಿ ಹೊರಗೆ ಕಾರಿನ ಬಾಗಿಲು ಮುಚ್ಚಿದ್ದು ಕೇಳಿಸಿತು. "ಸಲಾಂ ಮೇಡಂ" ಎಂದರು ಯಾರೋ.

ಹೆಡ್ ಆಫೀಸಿಗೆ ಹೊಸದಾಗಿ ಬಂದ ಮ್ಯಾನೇಜರ್ ಫಸೀಲಾ, ಉಳ್ಳಾಲದ ಕಡೆಯವರು, ಇವತ್ತು ಸ್ಟಾಕು ನೋಡಲು ಬರುವವರಿದ್ದರು. ಇಲ್ಲಿ ಇರಲು ಬೇಕಾದ ಪಾಸ್ಕಲನ ಐಡಿ ಮುಂದಿನ ತಿಂಗಳು ಮುಗಿಯುತ್ತಿತ್ತು. ಯಾರನ್ನು ಇಟ್ಟುಕೊಳ್ಳುವುದು, ಯಾರನ್ನು ಊರಿಗೆ ಕಳಿಸುವುದು ಎಂದು ಧಣಿ ಕೇಳುವುದು ಅವರನ್ನೇ. ಪಾಸ್ಕಲನ ಮಗಳು ಮೈರಾ ಹನ್ನೆರಡನೆಯ ಕ್ಲಾಸಿನಲ್ಲಿದ್ದಳು.

"ನಾನು ಹಿಂದೆ ನಿಂತು ಕೊಂಕಣಿಯಲ್ಲಿ ಹೇಳ್ತೇನೆ," ಎಂದು ಪಿಸುಗುಟ್ಟಿದ ಫ್ಲಾಯ್ಡ್. "ಅವರಿಗೆ ಬ್ಯಾರಿ ಭಾಷೆ ಬರ್ತದೆ, ಕೊಂಕಣಿ ಬರ್ಲಿಕ್ಕಿಲ್ಲ."

ಫಸೀಲಾ ಕುರ್ಚಿ ಎಳೆದು ಪಕ್ಕದಲ್ಲೇ ಕೂತರು. ಅವರ ಕೈಯಲ್ಲಿ ಟ್ಯಾಬಿತ್ತು. "ಮೂರನೇ ರ‍್ಯಾಕಿನ ಲಿಸ್ಟ್ ತೆಗೀರಿ ಪಾಸ್ಕಲ್."

ಫ್ಲಾಯ್ಡ್ ಹಿಂದಿನಿಂದ ಕೈ ಚಾಚಿ ಪಟ್ಟಿ ತೆರೆದು, ಯಾರನ್ನೋ ಬೈದು ಗೊಣಗುವವನಂತೆ ಕೊಂಕಣಿಯಲ್ಲಿ ಸಂಖ್ಯೆಗಳನ್ನು ಉಸುರಿದ. ಪಾಸ್ಕಲ್ ಅವನ್ನೇ ಕನ್ನಡದಲ್ಲಿ ಹೇಳಿದ. ಹೀಗೆ ಕೆಲವು ಸಾಲು ಸಾಗಿತು. ಆಮೇಲೆ ಲಾರಿಯ ಡ್ರೈವರು ಬಾಗಿಲಿನಿಂದ, "ಫ್ಲಾಯ್ಡ್ ಭಾಯ್, ಸೈನ್ ಕರೋ, ಜಲ್ದಿ!" ಎಂದು ಕೂಗಿದ. ಫ್ಲಾಯ್ಡ್ ತಡವರಿಸಿದ. ಡ್ರೈವರು ಮತ್ತೆ ಕೂಗಿದ. ಬೆನ್ನ ಹಿಂದಿನ ಉಸಿರು ದೂರವಾಯಿತು.

ಫಸೀಲಾ ಬಹಳ ಹೊತ್ತು ಟ್ಯಾಬಿನಲ್ಲಿ ಏನೋ ತುಂಬಿಸುತ್ತಿದ್ದರು. ಪಾಸ್ಕಲ್ ಮುಖವನ್ನು ಪರದೆಗೆ ನೆಟ್ಟು ಕೂತೇ ಇದ್ದ.

"ಎರಡಿಂಚಿನ ಪೈಪ್ ಎಲ್ಬೋ ಎಷ್ಟು ಉಂಟು?"

"ಅದು..." ಅವನು ಓದುವವನಂತೆ ತುಸು ಮುಂದಕ್ಕೆ ಬಾಗಿದ. "ನೂರ ನಲವತ್ತು."

ಅಂಗಳದಲ್ಲಿ ಕೊನೆಯ ಪೈಪು ಬಿದ್ದ ಸದ್ದಾಯಿತು.

"ಪಾಸ್ಕಲ್, ಸ್ಕ್ರೀನ್ ಆಫ್ ಆಗಿ ಆಗ್ಲೇ ಎಷ್ಟು ಹೊತ್ತಾಯ್ತು."

ಅವನು ಹೆಡ್‌ಫೋನನ್ನು ಕುತ್ತಿಗೆಗೆ ಇಳಿಸಿಕೊಂಡ.

"ಏನೂ ಕಾಣುದಿಲ್ವಾ ನಿಮಗೆ?"

"ಕಿಟಕಿ ಕಾಣ್ತದೆ ಮೇಡಂ."

"ಮತ್ತೆ ಇಷ್ಟು ದಿನ ಲೆಕ್ಕ ಮಾಡಿದ್ದು ಯಾರು? ಫ್ಲಾಯ್ಡಾ?"

"ಅಲ್ಲ, ನಾನೇ. ಇದು ಓದಿ ಹೇಳ್ತಿತ್ತು, ನಾನು ಬರೀತಿದ್ದೆ. ನಿನ್ನೆಯ ಅಪ್‌ಡೇಟಿನಲ್ಲಿ ಅದು ಹೋಯ್ತು." ಮತ್ತೇನಾದರೂ ಹೇಳಬೇಕೆನಿಸಿತು. "ಎಲ್ಬೋದ್ದು ನಾನು ಅಂದಾಜಿಗೆ ಹೇಳಿದ್ದು."

ಹತ್ತು ಗಂಟೆಯಾಗಿರಬೇಕು. ಅಂಗಳದ ಗದ್ದಲವೆಲ್ಲ ಒಮ್ಮೆಲೇ ಅಡಗಿ, ಏಸಿಯ ಗುಯ್ಯೆನ್ನುವ ಸದ್ದೊಂದು ಉಳಿಯಿತು.

"ಧಣಿ ಕೇಳಿದ್ರೆ ನಾನು ಸುಳ್ಳು ಹೇಳುದಿಲ್ಲ," ಎಂದರು ಫಸೀಲಾ.

"ಬೇಡ ಮೇಡಂ."

"ಮೊದಲು ಇದು ಮುಗೀಲಿ."

ಪರದೆಯನ್ನು ಎಬ್ಬಿಸಲು ಫಸೀಲಾ ಮೌಸ್ ಸರಿಸಿದ ಸದ್ದು ಕೇಳಿಸಿತು. ಅವರು ಗಂಟಲು ಸರಿಮಾಡಿಕೊಂಡು, ಟ್ಯಾಬಿನಲ್ಲಿದ್ದ ಎಣಿಕೆಯನ್ನು ಮಕ್ಕಳಿಗೆ ಉಕ್ತಲೇಖನ ಹೇಳುವವರ ಹಾಗೆ ನಿಧಾನವಾಗಿ ಓದತೊಡಗಿದರು. "ಎಲ್ಬೋ ಎರಡಿಂಚು, ತೊಂಬತ್ತಾರು. ಎಲ್ಬೋ ಮೂರಿಂಚು, ಐವತ್ತು. ಬರ್ಕೊಳ್ತಾ ಇದ್ದೀರಲ್ಲ?"

ಅವನ ಬೆರಳುಗಳು ಕೀಲಿಗಳ ಮೇಲೆ ಓಡಿದವು.

ಫ್ಲಾಯ್ಡ್ ಓಡೋಡಿ ಬಂದವನು ಬಾಗಿಲಲ್ಲೇ ನಿಂತ. ಆಮೇಲೆ ಮೆಲ್ಲಗೆ ಬಂದು, ಪರದೆಯ ಮೂಲೆ ನೋಡಿ, ಪಾಸ್ಕಲನ ಕಿವಿಯ ಬಳಿ ಬಾಗಿದ. "ಎಲ್ಲ ಇಳೀತು ಬಾಬ್. ಒತ್ತಿದ್ರೆ ಮಾತಾಡ್ತದೆ."

ದನಿಯನ್ನು ಎಬ್ಬಿಸುವ ಕೀಲಿಗಳು ಯಾವುವೆಂದು ಪಾಸ್ಕಲನ ಬೆರಳಿಗೆ ಗೊತ್ತಿತ್ತು. ಅವುಗಳ ಮೇಲೆ ಬೆರಳಿಟ್ಟ. ಪಕ್ಕದಲ್ಲಿ ಫಸೀಲಾ, "ಟೀ ಜಾಯಿಂಟ್, ಒಂದೂವರೆ ಇಂಚು..." ಎಂದು ಸಾಲಿನ ಮೇಲೆ ಬೆರಳಾಡಿಸುತ್ತ ಓದುತ್ತಿದ್ದರು. ಆ ರ‍್ಯಾಕು ಮುಗಿಯುವವರೆಗೂ ಅವನು ಆ ಕೀಲಿಗಳನ್ನು ಒತ್ತಲಿಲ್ಲ.