ಶುಕ್ರವಾರದ ಬಕೆಟ್‌ಗಳು

ದೊಡ್ಡಬಳ್ಳಾಪುರದ ಇಂಡಸ್ಟ್ರಿಯಲ್ ಏರಿಯಾದಲ್ಲಿ ಪ್ಲಾಸ್ಟಿಕ್ ಬಕೆಟ್‌ಗೆ ಬೆಂಕಿ ತೋರ್ಸೋದು ನನ್ನ ಕೆಲಸ. ನಗಬೇಡಿ, ಹದಿನೆಂಟು ವರ್ಷದಿಂದ ಇದೇ ಅನ್ನ. ಬಕೆಟ್ ಮೇಲೆ ಪೇಂಟ್ ಕಂಪನಿ ಹೆಸರು ನಿಲ್ಲಬೇಕಾದ್ರೆ, ಮೊದಲು ಅದರ ಮೈಮೇಲೆ ಬರ್ನರ್‌ನ ನೀಲಿ ಉರಿ ಒಂದು ಸಲ ಸವರ್ಕೊಂಡು ಹೋಗಬೇಕು. ಇಲ್ಲಾಂದ್ರೆ ಇಂಕು ಕಚ್ಚಲ್ಲ. ಉರಿ ಹೆಚ್ಚಾದ್ರೆ ಬಕೆಟ್ಟೇ ಸೊಟ್ಟಗಾಗುತ್ತೆ.

ಮೂರು ವಾರದಿಂದ ಶುಕ್ರವಾರದ ಮಾಲು ಮಾತ್ರ ವಾಪಸ್ ಬರ್ತಿತ್ತು. ಟೇಪ್ ಅಂಟಿಸಿ ಎಳೆದ್ರೆ ಅಕ್ಷರಾನೂ ಕಿತ್ಕೊಂಡು ಬರೋದು. ಪ್ರಿಂಟಿಂಗ್‌ಗೆ ಹೊಸದಾಗಿ ಸೇರಿದ್ದ ದೊಡ್ಡಬೆಳವಂಗಲದ ಪ್ರಿಯಾಂಕನ್ನ ಈ ಶುಕ್ರವಾರ ಶೆಡ್ಡೆಲ್ಲಾ ಕೇಳೋ ಹಾಗೆ ಬೈದೆ. "ಇಂಕು ಕಲಸೋಕೆ ಬರಲ್ಲ ಅಂದ್ರೆ ಮನೇಲಿ ಮುದ್ದೆ ತಿರುವ್ಕೊಂಡಿರಮ್ಮ." ಅದನ್ನ ಕೇಳಿಸ್ಕೊಂಡ ಓನರ್ ವೇಣುಗೋಪಾಲ್, "ಸೋಮವಾರದಿಂದ ಬರಬೇಡ" ಅಂತ ಅವಳಿಗೆ ಹೇಳಿಬಿಟ್ರು.

ಅವಳು ಅಳಲಿಲ್ಲ. ನಾನು ಆಗಷ್ಟೇ ಬೆಂಕಿ ತೋರ್ಸಿ ಇಟ್ಟಿದ್ದ ಬಕೆಟ್ ಮೇಲೆ ಒಂದು ಲೋಟ ನೀರು ಸುರಿದಳು. ಉರಿ ಸರಿಯಾಗಿ ತಗುಲಿದ್ರೆ ನೀರು ತೆಳ್ಳಗೆ ಹರಡ್ಕೊಳ್ಳುತ್ತೆ. ಹರಡ್ಕೊಂತು. ಒಂದು ಕಡೆ ಮಾತ್ರ ಕೆಸುವಿನ ಎಲೆ ಮೇಲಿನ ಹಾಗೆ ಹನಿ ಹನಿಯಾಗಿ ನಿಂತ್ಕೊಂತು. ಅಲ್ಲಿ ಒಂದು ಕೈ ಗುರುತು ಕಾಣ್ತು. ನಾಲ್ಕು ಬೆರಳು ಪೂರ್ತಿ, ಕಿರುಬೆರಳು ಅರ್ಧ.

ನನ್ನ ಕಿರುಬೆರಳಿನ ಅರ್ಧ ಹಿಂದೆ ಪವರ್‌ಲೂಮಲ್ಲಿ ಹೋಗಿದೆ.

ಶೆಡ್ಡಲ್ಲಿ ಶುಕ್ರವಾರದ ಪೂಜೆ ಮಾಡ್ತಿದ್ದ ಗಂಗಣ್ಣ ಕೆಲಸ ಬಿಟ್ಟ ಮೇಲೆ, ಮೂರು ವಾರದಿಂದ ದೀಪಕ್ಕೆ ಎಣ್ಣೆ ಹಾಕೋನು ನಾನೇ. ದೇವರ ಎಣ್ಣೆ ತೊಳೀಬಾರದು ಅಂತ ಕೈಯನ್ನ ತಲೆಗೆ ಒರೆಸ್ಕೊಂಡು ಬರ್ನರ್ ಮುಂದೆ ನಿಲ್ತಿದ್ದೆ. ಬೆಂಕಿ ತೋರ್ಸಿದ ಬಕೆಟ್ಟನ್ನ ಅದೇ ಕೈಯಲ್ಲಿ ಎತ್ತಿಡ್ತಿದ್ದೆ.

ಬಟ್ಟೆ ತಗೊಂಡು ಒರೆಸಿಬಿಟ್ಟಿದ್ರೆ ಬೇರೆ ಯಾರಿಗೂ ಗೊತ್ತಾಗ್ತಿರಲಿಲ್ಲ. ಕೈ ಬಟ್ಟೆ ಹತ್ರ ಹೋಗಿದ್ದೂ ನಿಜ. ಪ್ರಿಯಾಂಕ ನನ್ನ ಬೆರಳನ್ನೇ ನೋಡ್ತಾ ನಿಂತಿದ್ಲು. ಕೈ ಹಿಂದಕ್ಕೆ ತಗೊಂಡೆ.

ಆಫೀಸ್ ರೂಮಿಗೆ ಹೋಗಿ, ಬಾಗಿಲು ಹಾಕ್ಕೊಂಡು, ಓನರ್‌ಗೆ ಎಲ್ಲಾ ಹೇಳಿದೆ. ಅವರು ಬೈದ್ರು, ಬೈಸ್ಕೊಂಡೆ. ಹೊರಗೆ ಬಂದು, "ಸೋಮವಾರ ಬಾಮ್ಮ, ಸಾರ್ ಒಪ್ಕೊಂಡ್ರು" ಅಂದೆ.

ಅವಳು ಊಟದ ಬ್ಯಾಗ್ ಹೆಗಲಿಗೆ ಹಾಕ್ಕೊಂಡಳು. "ಬೈದಿದ್ದು ಎಲ್ಲಾರ ಮುಂದೆ ಅಲ್ವಾ ಅಣ್ಣ? ತಪ್ಪು ಒಪ್ಕೊಂಡಿದ್ದು ಬಾಗಿಲು ಹಾಕ್ಕೊಂಡಾ?"

ಸಿಟ್ಟು ನೆತ್ತಿಗೇರ್ತು. ಅವಳು ಹೇಳಿದ್ದು ಮಾತ್ರ ಸರಿಯಾಗೇ ಇತ್ತು.

ಮೇನ್ ಸ್ವಿಚ್ ಹತ್ರ ಹೋಗಿ ಎಲ್ಲಾ ಮಷೀನ್ ಆಫ್ ಮಾಡಿದೆ. ಶೆಡ್ಡಿನಲ್ಲಿದ್ದ ಮೂವತ್ತು ಜನ ನನ್ನ ಕಡೆ ತಿರುಗಿದ್ರು. ಎಲ್ಲಾರಿಗೂ ಕಾಣೋ ಹಾಗೆ ಕೈ ಮೇಲೆತ್ತಿ ಹಿಡ್ಕೊಂಡು, ನನ್ನ ತಪ್ಪು ಹೇಳೋಕೆ ಶುರು ಮಾಡಿದೆ.