ತಿಶ್ರಿ ತಿಂಗಳ ಚಪ್ಪರ

ಸಹಿಯಿಲ್ಲದ ಆ ಕಾಗದ ಬರೆದವಳು ನಾನೇ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಇಲ್ಲದಿದ್ದರೆ ಹೇಳುತ್ತಾ ಹೇಳುತ್ತಾ ನನ್ನನ್ನು ನಾನೇ ಒಳ್ಳೆಯವಳನ್ನಾಗಿ ಮಾಡಿಕೊಂಡುಬಿಡುತ್ತೇನೆ.

ಎಂಬತ್ತಾರನೆಯ ಇಸವಿಯ ಅಕ್ಟೋಬರು. ಅಮೆರಿಕದ ಫಾಸ್ಟರ್ ಸಿಟಿಯಲ್ಲಿ ನಮ್ಮದೂ ಮುದುಕ ಜೇಕಬ್ ಅವರದೂ ಒಂದೇ ಗೋಡೆಯ ಮನೆಗಳು. ಮುಂದೆ ಇಬ್ಬರಿಗೂ ಸೇರಿದ ಪುಟ್ಟ ಅಂಗಳ. ಹುಣ್ಣಿಮೆಗೆ ನಮ್ಮಲ್ಲಿ ಸತ್ಯನಾರಾಯಣ ಪೂಜೆ, ಸ್ಯಾನ್ ಹೊಸೆಯಿಂದ ಹದಿನೆಂಟು ಜನ ಬರುವವರಿದ್ದರು. ಮೂರು ದಿನ ಮೊದಲು ಜೇಕಬ್ ಅಂಗಳದಲ್ಲಿ ಕೂತು ಬಿದಿರಿನ ಗಳಗಳನ್ನು ಹಗ್ಗದಲ್ಲಿ ಬಿಗಿಯತೊಡಗಿದರು. ಮೈಸೂರಿನಲ್ಲಿ ಮನೆ ಮುಂದೆ ಹಾಗೆ ಬಿದಿರು ಕಟ್ಟುವುದು ಹೆಣ ಸಾಗಿಸುವುದಕ್ಕೆ.

ಸಂಜೆಯ ಹೊತ್ತಿಗೆ ಅದು ಚಟ್ಟವಲ್ಲ, ಮೇಲೆ ಸೊಪ್ಪು ಹೊದಿಸಿದ ಚಪ್ಪರ ಎಂದು ಗೊತ್ತಾಯಿತು. ಆದರೂ ಅಪಶಕುನ ಮನಸ್ಸಿಗೆ ಅಂಟಿಕೊಂಡಿತ್ತು. ಬರುವವರಲ್ಲಿ ಸತ್ಯವತಿಯವರಿದ್ದರು. “ಏನ್ರೀ ಜಲಜಾ, ಪಕ್ಕದ್ಮನೇಲಿ ಯಾರಾದ್ರೂ ಹೋಗ್ಬಿಟ್ರಾ?” ಎಂದು ಎಲ್ಲರೆದುರು ಕೇಳುವ ಪೈಕಿ ಆಕೆ. ಇದೇನೆಂದು ಜೇಕಬ್ ಅವರನ್ನೇ ಒಂದು ಮಾತು ಕೇಳಬಹುದಿತ್ತು. ಕೇಳಲಿಲ್ಲ. ಓಡಾಡಲು ಅಡ್ಡಿ, ಬೆಂಕಿಯ ಭಯ ಎಂದೆಲ್ಲ ಟೈಪು ಮಾಡಿ ನಮ್ಮ ಬಡಾವಣೆಯ ಅಸೋಸಿಯೇಷನ್ನಿನ ದೂರಿನ ಪೆಟ್ಟಿಗೆಗೆ ಹಾಕಿಬಂದೆ. ನನ್ನ ಗಂಡ ದ್ವಾರಕಾನಾಥರಿಗೂ ಹೇಳಲಿಲ್ಲ.

ಹುಣ್ಣಿಮೆಯ ಹಿಂದಿನ ದಿನ ಅಸೋಸಿಯೇಷನ್ನಿನವರು ಚಪ್ಪರ ಬಿಚ್ಚಿಸಿದರು. ಪೂಜೆ ಚೆನ್ನಾಗಿಯೇ ಆಯಿತು. ಪಕ್ಕದ ಮನೆಗೆ ಸಜ್ಜಿಗೆ ಪ್ರಸಾದ ಕೊಡಲು ಹೋದಾಗ ಜೇಕಬ್ ಅವರ ಹೆಂಡತಿ ರೂತ್ ಎಲ್ಲ ವಿವರಿಸಿದರು. ಅವರು ಯಹೂದಿಗಳು, ಅವರ ತಿಶ್ರಿ ತಿಂಗಳೂ ನಮ್ಮ ಹಾಗೆ ಚಂದ್ರನನ್ನು ನೋಡಿಕೊಂಡು ನಡೆಯುತ್ತದಂತೆ. ಅಮಾವಾಸ್ಯೆ ಕಳೆದರೆ ಹೊಸ ವರ್ಷ, ಹತ್ತನೆಯ ದಿನ ಉಪವಾಸ, ಹುಣ್ಣಿಮೆಯಿಂದ ವಾರವಿಡೀ ಚಪ್ಪರದಲ್ಲಿ ಊಟ, ಸೊಪ್ಪಿನ ಸಂದಿಯಲ್ಲಿ ಆಕಾಶ ಕಾಣಬೇಕು.

“ಈ ವರ್ಷ ಅಡುಗೆಮನೆಯಲ್ಲೇ ಊಟ,” ಎಂದು ರೂತ್ ನಕ್ಕರು. ತಲೆಗೆ ಸ್ಕಾರ್ಫು ಕಟ್ಟಿದ್ದರು. ಕ್ಯಾನ್ಸರಿನ ಔಷಧಿಗೆ ಕೂದಲೆಲ್ಲ ಉದುರಿತ್ತು. ಫೆಬ್ರವರಿಯಲ್ಲಿ ತೀರಿಕೊಂಡರು.

ಮರುವರ್ಷ ವಿಜಯದಶಮಿಯ ಮಧ್ಯಾಹ್ನ ಜೇಕಬ್ ಬಾಗಿಲು ತಟ್ಟಿದರು. ಮೈಮೇಲೆ ಒಳ್ಳೆಯ ಸೂಟು, ಕಾಲಿಗೆ ಮಾತ್ರ ಬಟ್ಟೆಯ ಶೂಸು.

“ಸಂಜೆಯಿಂದ ನಮ್ಮ ಉಪವಾಸ, ಚರ್ಮದ ಶೂಸು ಹಾಕುವ ಹಾಗಿಲ್ಲ,” ಎಂದರು. “ಅದಕ್ಕೆ ಮೊದಲು, ಯಾರಿಗೆ ತಪ್ಪು ಮಾಡಿದ್ದೇವೋ ಅವರ ಹತ್ತಿರವೇ ಹೋಗಿ ಕ್ಷಮೆ ಕೇಳಬೇಕು. ಅವರ ಪರವಾಗಿ ದೇವರು ಕೂಡ ಕ್ಷಮಿಸುವ ಹಾಗಿಲ್ಲ. ಆ ಕಾಗದ ಬರೆದದ್ದು ನೀವೇ ಅಂತ ವರ್ಷವಿಡೀ ಅಂದುಕೊಂಡಿದ್ದೆ. ರೂತ್ ಕೊನೆಯವರೆಗೂ ಒಪ್ಪಲಿಲ್ಲ. ಪೂಜೆಯ ಸಿಹಿ ತಂದುಕೊಡುವ ಹುಡುಗಿ ಹಾಗೆ ಮಾಡುವುದಿಲ್ಲ ಅಂದಳು. ನನ್ನನ್ನು ಕ್ಷಮಿಸಿ.”

ನಾನು ಏನು ಹೇಳಿದೆ ಗೊತ್ತೇ? “ಪರವಾಗಿಲ್ಲ, ಕ್ಷಮಿಸಿದ್ದೇನೆ” ಎಂದೆ. ದೊಡ್ಡ ಮನಸ್ಸಿನವಳ ಹಾಗೆ ತಲೆ ಬೇರೆ ಆಡಿಸಿದೆ. ಅವರು ಎರಡೂ ಕೈಯಿಂದ ನನ್ನ ಕೈ ಹಿಡಿದುಕೊಂಡು, ಕಣ್ಣೊರೆಸಿಕೊಂಡು ಹೊರಟರು.

ಒಳಗಿನಿಂದ ದ್ವಾರಕಾನಾಥರು, “ಯಾರೇ ಅದು ಬಂದಿದ್ದು?” ಎಂದರು. ಬರಿಗಾಲಲ್ಲೇ ಓಡಿದೆ. ಜೇಕಬ್ ಕಾರಿನ ಬಾಗಿಲು ತೆಗೆಯುತ್ತಿದ್ದರು.

“ನೀವು ಅಂದುಕೊಂಡಿದ್ದೇ ಸರಿ. ಬರೆದವಳು ನಾನೇ. ನನ್ನನ್ನು ಕ್ಷಮಿಸಿಬಿಡಿ.”

ಅವರು ತೆಗೆದ ಬಾಗಿಲನ್ನು ಮತ್ತೆ ಮುಚ್ಚಿ ನನ್ನ ಕಡೆ ತಿರುಗಿದರು. ಬಯ್ದಿದ್ದರೆ ಬದುಕಿಕೊಳ್ಳುತ್ತಿದ್ದೆ. ಬಯ್ಯಲಿಲ್ಲ.

“ನನ್ನ ಪಾಲಿನದನ್ನು ಕ್ಷಮಿಸಿದ್ದೇನೆ,” ಎಂದರು. “ರೂತ್ ಪಾಲಿನದು ನನ್ನ ಕೈಯಲ್ಲಿಲ್ಲ.”

ಹೊತ್ತು ಮುಳುಗುವುದರೊಳಗೆ ಪ್ರಾರ್ಥನೆಗೆ ಹೋಗಬೇಕೆಂದು ಹೇಳಿ ಕಾರು ಹತ್ತಿದರು.