ಅಜ್ಜಮ್ಮನ ಮಂಚದ ಮೇಲೆ ಬೆಕ್ಕು

ಬೆಳ್ಳುಳ್ಳಿ ಬಿಡಿಸುತ್ತಿದ್ದೆವು. ತಾಜ್‌ಬೀ ಹಾದುಹೋದವರನ್ನೆಲ್ಲ ಮಾತಾಡಿಸುತ್ತ, ಸಿಪ್ಪೆಯನ್ನು ಬುಟ್ಟಿಗೂ ಎಸಳನ್ನು ಕಸಕ್ಕೂ ಹಾಕುತ್ತಿದ್ದಳು. ನಾನು ಕಸದಿಂದ ಆರಿಸಿ ಬುಟ್ಟಿಗೆ ಹಾಕುತ್ತಿದ್ದೆ. ಚನ್ನಗಿರಿಯ ನಮ್ಮ ವೃದ್ಧಾಶ್ರಮದಲ್ಲಿ ಅವಳ ಜೊತೆ ಕೆಲಸವೆಂದರೆ ಹೀಗೆಯೇ.

"ಚೌಡಕ್ಕಾ, ಕಾಗದ ತೆಗಿ. ಬೆಕ್ಕಿನ ಸುದ್ದಿ ತಿದ್ದಬೇಕು."

ಕಾಗದ ಅಜ್ಜಮ್ಮನಿಗೆ. ತಾಜ್‌ಬೀಯ ಪಕ್ಕದ ಮಂಚದವಳು, ಜೀವದ ಗೆಳತಿ. ಮೊಮ್ಮಗಳ ಬಾಣಂತನಕ್ಕೆಂದು ಜಗಳೂರಿಗೆ ಹೋದವಳು, ಮಗು ಅಂಬೆಗಾಲಿಟ್ಟರೂ ಬಂದಿರಲಿಲ್ಲ. ಫೋನ್ ಮಾಡಿದರೆ "ಹೂಂ, ಚೆನ್ನಾಗಿದೀನಿ, ಇಡ್ತೀನಿ" ಎಂದು ಕಿರುಚಿ ಇಟ್ಟುಬಿಡುತ್ತಿದ್ದಳು. ಕಾಗದವಾದರೆ ಕೂತು ಓದಿಸಿಕೊಳ್ಳುತ್ತಾಳೆ. ರಾತ್ರಿ ಶಾಲೆಯಲ್ಲಿ ಅಕ್ಷರ ಕಲಿತ ತಪ್ಪಿಗೆ ಬರೆಯುವ ಕೆಲಸ ನನ್ನದು.

ಮಳೆಗಾಲದಲ್ಲಿ ಶುರುವಾದ ಕಾಗದ ಸಂಕ್ರಾಂತಿ ಕಳೆದರೂ ಹೋಗಿರಲಿಲ್ಲ. ಆಶ್ರಮದ ಸುದ್ದಿ ಒಂದು ಕಡೆ ನಿಂತರೆ ತಾನೆ? ಮರುಳಸಿದ್ದಪ್ಪನವರ ಹಲ್ಲಿನ ಸೆಟ್ ಕಳೆದಿದೆ ಎಂದು ಬರೆದ ಮರುದಿನ ಅದು ಉಪ್ಪಿನಕಾಯಿ ಜಾಡಿಯಲ್ಲಿ ಸಿಕ್ಕಿತು. ಗೀಟು ಹಾಕಿದೆ. ಚೌಕಾಬಾರ ಆಡುತ್ತ ಜಗಳವಾಡಿ ಅವರೂ ಲಾಲ್‌ಸಾಬರೂ ಮಾತು ಬಿಟ್ಟಿದ್ದಾರೆ ಎಂದು ಬರೆದೆ. ಸಂಜೆಗೆ ಇಬ್ಬರೂ ಒಂದೇ ತಟ್ಟೆಯಲ್ಲಿ ಮಂಡಕ್ಕಿ ಮೆಲ್ಲುತ್ತಿದ್ದರು. ಮತ್ತೆ ಗೀಟು. ಬೆಕ್ಕು ಬಸುರಿ ಎಂದು ಬರೆದಿದ್ದೆ.

"ಬೆಕ್ಕಿಗೇನಾಯ್ತೀಗ?"

"ಗಂಡಂತೆ ಕಣೇ! ಲಾಲ್‌ಸಾಬ್ರು ಎತ್ತಿ ನೋಡಿದ್ರಂತೆ. ತಿಂದು ತಿಂದು ಹೊಟ್ಟೆ ಬಂದೈತೆ, ಅಷ್ಟೆ."

ಅಷ್ಟರಲ್ಲಿ ಆಶ್ರಮ ನೋಡಿಕೊಳ್ಳುವ ಜ್ಯೋತಿಲಕ್ಷ್ಮಿ ಬಂದರು. "ತಾಜ್‌ಬೀ, ನ್ಯಾಮತಿಯವರೊಬ್ರು ಮಂಚ ಕೇಳ್ತಾ ಇದಾರೆ. ಯುಗಾದಿ ಒಳಗೆ ಅಜ್ಜಮ್ಮ ಬರ್ತೀನಿ ಅಂತ ತಿಳಿಸ್ಲಿ. ಇಲ್ಲಾಂದ್ರೆ ಅವರಿಗೆ ಕೊಡ್ಲೇಬೇಕು."

"ಖಾಲಿ ಎಲ್ಲೈತ್ರೀ ಮೇಡಂ? ಬೆಕ್ಕು ಮಲಗ್ತೈತಲ್ಲ!"

"ಬೆಕ್ಕಿಗೆ ಆಧಾರ್ ಕಾರ್ಡ್ ಐತೇನು?" ಎಂದು ಜ್ಯೋತಿಲಕ್ಷ್ಮಿ ಹೋದರು.

ನಾನು ಕಾಗದವನ್ನು ಮೊದಲಿಂದ ಓದಿದೆ. ಹಲ್ಲಿತ್ತು, ಚೌಕಾಬಾರವಿತ್ತು, ಬೆಕ್ಕಿತ್ತು.

"ಅಲ್ಲವೇ, ವಾಪಸ್ ಬರ್ತೀಯಾ ಅಂತ ಎಲ್ಲೂ ಕೇಳೇ ಇಲ್ವಲ್ಲ?"

ತಾಜ್‌ಬೀ ಒಂದು ಗಡ್ಡೆಯನ್ನು ಪೂರ್ತಿ ಬಿಡಿಸಿದಳು. ಎಸಳು ಬುಟ್ಟಿಗೇ ಬಿತ್ತು. ಇವಳಿಗೆ ಹುಷಾರಿಲ್ಲವೇನೋ ಎಂದು ನನಗೆ ಹೆದರಿಕೆಯಾಯಿತು.

"ಕೇಳಿದ್ರೆ, ಬರಲ್ಲ ಅಂದ್ಬಿಟ್ರೆ?" ಎಂದಳು.

"ಕೇಳದಿದ್ರೂ ಮಂಚ ಹೋಗ್ತೈತಲ್ಲೇ."

ಹೊಸ ಇನ್‌ಲ್ಯಾಂಡ್ ಲೆಟರ್ ತೆಗೆದೆ. ಅವಳು ಹೇಳಿದಂತೆಯೇ ಬರೆದೆ: "ಅಜ್ಜಮ್ಮ, ನೀನು ಬರ್ತೀಯೋ ಇಲ್ವೋ? ಯುಗಾದಿ ಒಳಗೆ ಬಾ. ನಿನ್ನ ಗೊರಕೆ ಬಗ್ಗೆ ಇನ್ನು ಚಕಾರ ಎತ್ತಲ್ಲ. ತಾಜ್‌ಬೀ." ಬೆಳ್ಳುಳ್ಳಿ ಕೈಯಲ್ಲೇ ಅಂಟಿಸಿದಳು. ಕಾಗದ ಒಗ್ಗರಣೆಯಂತೆ ಘಮಘಮ ಎಂದಿತು.

ಗೇಟಿನಲ್ಲಿ ಪೋಸ್ಟ್‌ಮನ್ ರುದ್ರಮುನಿ ಅದನ್ನು ಮೂಸಿ ನೋಡಿ ಚೀಲಕ್ಕೆ ಹಾಕಿಕೊಂಡ. ಬೈಕ್ ಚಾಲೂ ಮಾಡುತ್ತಿದ್ದಂತೆ ಒಳಗಿನಿಂದ ಲಾಲ್‌ಸಾಬರ ಕೂಗು ಕೇಳಿತು:

"ತಾಜ್‌ಬೀ! ಅಜ್ಜಮ್ಮನ ಮಂಚದ ಮೇಲೆ ಬೆಕ್ಕು ಮರಿ ಹಾಕೈತೆ!"

ತಾಜ್‌ಬೀ ಓಡಿಹೋಗಿ ಚೀಲ ಹಿಡಿದಳು. ನಾನು ಪೆನ್ನು ತೆಗೆದೆ. ಅವಳು ಪೆನ್ನು ನೋಡಿದಳು, ಚೀಲ ನೋಡಿದಳು, ಕೈ ಬಿಟ್ಟಳು.

"ಹೋಗಪ್ಪಾ, ಬೇಗ ಹೋಗು. ಮರಿಗಳನ್ನ ಅವಳೇ ಬಂದು ನೋಡ್ಲಿ."

ರುದ್ರಮುನಿ ಹೊರಟ.